ಗಾಳಿ ತಡವಾದರೆ ಹೊಗೆ



ಇಂಡಿ ತಾಲ್ಲೂಕಿನ ಲಚ್ಯಾಣ, ಹೋಟಗಿ–ಗದಗ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ. ಮೀಟರ್‌ಗೇಜ್ ಕಾಲದಲ್ಲಿ ಇಂಥ ನಿಲ್ದಾಣದಿಂದ ಹೊರಡುವಾಗ ವೈಡಿಎಂ-4 ಡೀಸೆಲ್ ಎಂಜಿನ್ ಕಪ್ಪು ಹೊಗೆ ಉಗುಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಹೊಗೆ ತಿಳಿಯಾಗುತ್ತಿತ್ತು. ಕಾರಣವೇನು ಗೊತ್ತೇ?

ಆ ಎಂಜಿನ್ನಿಗೆ ಟರ್ಬೋಚಾರ್ಜರ್ ಇತ್ತು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ ಪೇಟೆಂಟ್ ಪಡೆದರು. ತೊಡಕು ಒಂದೇ: ಡೀಸೆಲ್ ಹೆಚ್ಚಿಸಿದ ಕೂಡಲೇ ಚಕ್ರಕ್ಕೆ ವೇಗ ಬರುವುದಿಲ್ಲ. ಇಂಧನ ಬಂದಿರುತ್ತದೆ, ಸಾಕಷ್ಟು ಗಾಳಿ ಬಂದಿರುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ ಮಸಿಯಾಗುತ್ತದೆ. ಈ ವಿಳಂಬವೇ ‘ಟರ್ಬೋ ಲ್ಯಾಗ್’.

ಹುಬ್ಬಳ್ಳಿ ಶೆಡ್ಡಿಗೆ ಆಮೇಲೆ ಬಂದ ಡಬ್ಲ್ಯುಡಿಜಿ-4 ಎಂಜಿನ್ನುಗಳಲ್ಲಿ ಇದಕ್ಕೆ ಪರಿಹಾರವಿದೆ. ಆರಂಭದಲ್ಲಿ ಎಂಜಿನ್ನೇ ಗೇರುಗಳ ಮೂಲಕ ಟರ್ಬೋವನ್ನು ತಿರುಗಿಸುತ್ತದೆ. ಅನಿಲಕ್ಕೆ ಬಲ ಬಂದಾಗ ಒಂದು ಕ್ಲಚ್ ಆ ಜೋಡಣೆಯನ್ನು ಬಿಡಿಸುತ್ತದೆ.

ವೇಗದ ಕಾರುಗಳಲ್ಲಿ ಗೇರಿನ ಈ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು. 2014ರಿಂದ 2025ರವರೆಗೆ ಫಾರ್ಮುಲಾ 1 ಕಾರುಗಳ ಟರ್ಬೋ ದಂಡಕ್ಕೆ ಮೋಟಾರು ಜೋಡಿಸಿರುತ್ತಿದ್ದರು. 2022ರಲ್ಲಿ ಮರ್ಸಿಡಿಸ್-ಎಎಂಜಿಯ ಎಸ್‌ಎಲ್ 43 ಕಾರಿನೊಂದಿಗೆ ಈ ವ್ಯವಸ್ಥೆ ರಸ್ತೆಗೂ ಇಳಿಯಿತು. ಅದರ ಮೋಟಾರು ಸುಮಾರು 4 ಸೆಂ.ಮೀ. ದಪ್ಪ, ಟರ್ಬೋ ನಿಮಿಷಕ್ಕೆ 1,70,000 ಸುತ್ತಿನವರೆಗೆ ತಿರುಗಬಲ್ಲದು. ಅನಿಲದ ಬಲಕ್ಕೆ ಕಾಯದೆ ಗಾಳಿ ಒದಗುತ್ತದೆ.

ಇನ್ನೊಮ್ಮೆ ಹಳೆಯ ಲಾರಿಯೊಂದು ಹೊಗೆ ಬಿಡುತ್ತ ಏರು ಹತ್ತುವಾಗ ಗಮನಿಸಿ: ಅದಕ್ಕೆ ಕಡಿಮೆಯಾಗಿರುವುದು ಡೀಸೆಲ್ ಅಲ್ಲ, ಗಾಳಿ.