ದೋಣಿ ಬಳಸುವವರು ಹಾಗೂ ಮುಳುಗುಗಾರರಿಗೆ ಸುರಕ್ಷತಾ ಸೂಚನೆಗಳು – ಸಂಕೇಶ್ವರ, ಹಿರಣ್ಯಕೇಶಿ ನದಿ ಪ್ರದೇಶ

ಪೀಠಿಕೆ

ಹುಕ್ಕೇರಿ ತಾಲೂಕಿನ ಸಂಕೇಶ್ವರ ಪಟ್ಟಣವು ಘಟಪ್ರಭಾ ನದಿಯ ಉಪನದಿಯಾದ ಹಿರಣ್ಯಕೇಶಿಯ ದಡದಲ್ಲಿದೆ. ಈ ನದಿಯು ಮಹಾರಾಷ್ಟ್ರದ ಅಂಬೋಲಿ ಪ್ರದೇಶದಲ್ಲಿ ಹುಟ್ಟಿ, ಆಜರಾ ಹಾಗೂ ಗಡಹಿಂಗ್ಲಜ ಮಾರ್ಗವಾಗಿ ಹರಿದುಬರುವುದರಿಂದ, ಇಲ್ಲಿ ಮಳೆ ಇಲ್ಲದಿದ್ದರೂ ನೀರು ಏರುವ ಸಂಭವವಿರುತ್ತದೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆಯ ಹಲವು ಗ್ರಾಮಗಳ ಜನರನ್ನು ದೋಣಿಗಳ ಮೂಲಕ ಸ್ಥಳಾಂತರಿಸಬೇಕಾಯಿತು. ಅದೇ ವರ್ಷ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನರು ಮೃತಪಟ್ಟರು. ಆದ್ದರಿಂದ ಕೆಳಕಂಡ ಸೂಚನೆಗಳನ್ನು ಪಾಲಿಸತಕ್ಕದ್ದು.

ದೋಣಿ ಬಳಸುವವರಿಗೆ

1. ನಿಗದಿತ ಸಂಖ್ಯೆಗಿಂತ ಹೆಚ್ಚು ಜನರನ್ನು ಹತ್ತಿಸಕೂಡದು. ಎಲ್ಲರೂ ಒಂದೇ ಬದಿಗೆ ಸರಿಯಬಾರದು, ಎದ್ದು ನಿಲ್ಲಬಾರದು.
2. ಜೀವರಕ್ಷಕ ಜಾಕೆಟ್ಟನ್ನು ದಡದಲ್ಲಿಯೇ ಧರಿಸಿ, ಎಲ್ಲ ಪಟ್ಟಿಗಳನ್ನು ಬಿಗಿಯಬೇಕು. ಮಕ್ಕಳಿಗೆ ಅವರ ಅಳತೆಯದನ್ನೇ ತೊಡಿಸಬೇಕು.
3. ಬಾಂದಾರಗಳ ಸಮೀಪ ದೋಣಿ ಒಯ್ಯಬಾರದು. ಧುಮುಕುವ ನೀರು ಕೆಳಗೆ ಹಿಂದಕ್ಕೆ ಸುರುಳಿಯಾಗಿ ತಿರುಗುವುದರಿಂದ ಒಳಸಿಕ್ಕವರನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ.
4. ಹಗ್ಗ, ಹುಟ್ಟು, ನೀರು ತೋಡುವ ಪಾತ್ರೆ ಹಾಗೂ ಸೀಟಿ ದೋಣಿಯಲ್ಲಿ ಇರಲೇಬೇಕು.

ಮುಳುಗುಗಾರರಿಗೆ

1. ತರಬೇತಿ ಇಲ್ಲದೆ ಹಾಗೂ ಜೊತೆಗಾರನಿಲ್ಲದೆ ಮುಳುಗಬಾರದು. ಕೆಸರುನೀರಿನಲ್ಲಿ ದಡದಿಂದ ಹಿಡಿದ ಹಗ್ಗವನ್ನು ಮೈಗೆ ಕಟ್ಟಿಕೊಂಡಿರಬೇಕು. ಅಪಾಯದಲ್ಲಿ ತಕ್ಷಣ ಬಿಚ್ಚುವಂತಿರಬೇಕು.
2. ಸಿಲಿಂಡರ್ ಬಳಸಿ ಮುಳುಗಿದವರು ಮೇಲೇರುವಾಗ ಉಸಿರು ಹಿಡಿಯಲೇಕೂಡದು. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಎರಡು ಪಟ್ಟು ಇರುತ್ತದೆ. ಮೇಲೆ ಬರುತ್ತಿದ್ದಂತೆ ಶ್ವಾಸಕೋಶದ ಗಾಳಿ ಹಿಗ್ಗಿ ಗಾಯ ಮಾಡುತ್ತದೆ. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏರಬಾರದು.

ಸಲಕರಣೆಗಳ ನಿರ್ವಹಣೆ

• ಬಳಕೆಯ ನಂತರ ಜಾಕೆಟ್, ಮುಖಗವಸು, ರೆಗ್ಯುಲೇಟರ್‌ಗಳನ್ನು ಶುದ್ಧ ನೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು.
• ರೆಗ್ಯುಲೇಟರ್ ತೊಳೆಯುವ ಮುನ್ನ ಅದರ ಮುಚ್ಚಳ ಹಾಕಿರಬೇಕು. ಒಳಗೆ ನೀರು ಹೋದರೆ ಭಾಗಗಳು ತುಕ್ಕು ಹಿಡಿಯುತ್ತವೆ.
• ಜಾಕೆಟ್ ಮೇಲೆ ಕುಳಿತುಕೊಳ್ಳಬಾರದು. ಹೊಲಿಗೆ ಬಿಚ್ಚಿದ, ಪಟ್ಟಿ ಹರಿದ ಜಾಕೆಟ್ ಬಳಸಬಾರದು.
• ಸಿಲಿಂಡರನ್ನು ಬಿಸಿಲಿನಲ್ಲಿಡದೆ, ಅಧಿಕೃತ ಕೇಂದ್ರದಲ್ಲಿ ನಿಗದಿತ ಅವಧಿಗೆ ಒತ್ತಡ ಪರೀಕ್ಷೆ ಮಾಡಿಸಬೇಕು.

ಅಪಘಾತವಾದಾಗ

ಮುಳುಗುತ್ತಿರುವವರ ರಕ್ಷಣೆಗೆ ನೀರಿಗೆ ಧುಮುಕದೆ, ಹಗ್ಗ, ಕೋಲು ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನ್ ನೀಡಬೇಕು. ಮೇಲೆತ್ತಿದವರ ಹೊಟ್ಟೆ ಒತ್ತುವುದು, ತಲೆಕೆಳಗಾಗಿ ತಿರುಗಿಸುವುದು ಸಲ್ಲದು. ಉಸಿರಾಟವಿಲ್ಲದಿದ್ದರೆ ತರಬೇತಿ ಪಡೆದವರು ಕೂಡಲೇ ಕೃತಕ ಉಸಿರಾಟ ಹಾಗೂ ಎದೆ ಒತ್ತುವಿಕೆ ಆರಂಭಿಸಬೇಕು. ತುರ್ತು ಸಹಾಯಕ್ಕೆ 112 ಸಂಖ್ಯೆಗೆ ಕರೆ ಮಾಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.