ಮನೆಯಲ್ಲೇ ಕಟ್ಟುವ ವಿಮಾನ: ಇಂಜೆಕ್ಷನ್ ಎಂಜಿನ್‌ಗೆ ಪೆಟ್ರೋಲ್ ತಲುಪುವ ದಾರಿ ಹೇಗಿರಬೇಕು? ಬಿಸಿಲಿಗೂ ಅದಕ್ಕೂ ಏನು ಸಂಬಂಧ?

ಚೆನ್ನೈ: 2003ರ ಮೇ 31ರಂದು ಚೆನ್ನೈನಲ್ಲಿ 45 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. ನಗರದ ಹವಾಮಾನ ಲೆಕ್ಕ ಇಡುವುದು ನುಂಗಂಬಾಕ್ಕಂನ ಪ್ರಾದೇಶಿಕ ಹವಾಮಾನ ಕೇಂದ್ರ. ಸಣ್ಣ ವಿಮಾನ ಕಟ್ಟುವವರು ಈ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದ ಲಘು ವಿಮಾನಗಳ ಹಳೆಯ ನಿಯಮದಲ್ಲಿ ಇಂಧನ ವ್ಯವಸ್ಥೆಯ ಬಿಸಿ ಪರೀಕ್ಷೆಗೆ ಇಟ್ಟಿದ್ದ ಮಟ್ಟ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯಾದ ಪೆಟ್ರೋಲ್ ಹಾಕಿದರೂ ಪೈಪಿನಲ್ಲಿ ಆವಿ ಕಟ್ಟಿಕೊಂಡು ಎಂಜಿನ್ ನಿಲ್ಲಬಾರದು ಎಂಬುದು ಷರತ್ತು. ಚೆನ್ನೈನ ನೆರಳಿನ ತಾಪಮಾನವೇ ಒಂದು ದಿನ ಅದನ್ನು ದಾಟಿತ್ತು. ಬಿಸಿಲಲ್ಲಿ ನಿಂತ ವಿಮಾನದ ರೆಕ್ಕೆಯೊಳಗಿನ ಟ್ಯಾಂಕ್‌ನ ಸ್ಥಿತಿ ಇನ್ನೂ ಕಠಿಣ.

ಹೋಟೆಲ್ ಮಾಲೀಕನ ವಿಮಾನದಿಂದ ಹಂಸದವರೆಗೆ

ಸ್ವಂತ ವಿಮಾನ ಕಟ್ಟುವ ಹುಚ್ಚು ಈ ಊರಿಗೆ ಹೊಸದಲ್ಲ. ಮದರಾಸಿನ ಮೌಂಟ್ ರೋಡ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಜಿಯಾಕೊಮೊ ಡಿ'ಆಂಜೆಲಿಸ್ ತಾನೇ ರೂಪಿಸಿದ ವಿಮಾನವನ್ನು ಸಿಂಪ್ಸನ್ ಕಂಪನಿಯಲ್ಲಿ ಮಾಡಿಸಿ, 1910ರ ಮಾರ್ಚ್‌ನಲ್ಲಿ ಹಾರಿಸಿದ್ದ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ವಿಮಾನಕ್ಕೂ ಆಧಾರವಾಗಿದ್ದು ಬರ್ಟ್ ರುಟಾನ್ ಎಂಬ ಅಮೆರಿಕನ್ ವಿನ್ಯಾಸಕ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ ಲಾಂಗ್-ಈಝೀ ನಕ್ಷೆ.

ಅದೇ ಎನ್‌ಎಎಲ್‌ನ ಹಂಸ-ಎನ್‌ಜಿ ಮನೆಯಲ್ಲಿ ಕಟ್ಟಿದ್ದಲ್ಲ. ಆದರೂ ಇಲ್ಲಿ ಅದರ ಉದಾಹರಣೆ ಬೇಕು. 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿದ ಈ ಎರಡು ಸೀಟಿನ ವಿಮಾನದಲ್ಲಿರುವುದು ಡಿಜಿಟಲ್ ನಿಯಂತ್ರಣದ ರೋಟಾಕ್ಸ್ ಇಂಜೆಕ್ಷನ್ ಎಂಜಿನ್. ವಿದೇಶಗಳಲ್ಲಿ ಹವ್ಯಾಸಿಗಳು ತಮ್ಮ ಕಿಟ್ ವಿಮಾನಗಳಿಗೆ ಕೂರಿಸುವುದೂ ಬಹುತೇಕ ಇದೇ ಕುಟುಂಬದ 912 ಐಎಸ್, 915 ಐಎಸ್ ಎಂಜಿನ್‌ಗಳನ್ನು.

ಪಂಪ್ ತಳ್ಳುತ್ತದೆ, ಆದರೆ ಎಳೆಯುವುದು ಕಷ್ಟ

ಹಳೆಯ ಕಾರ್ಬ್ಯುರೇಟರ್ ಎಂಜಿನ್‌ಗೆ ಪೆಟ್ರೋಲ್ ಒತ್ತಡ ಅರ್ಧ ಬಾರ್ ಕೂಡ ಬೇಕಿಲ್ಲ. ರೆಕ್ಕೆ ಮೇಲಿದ್ದರೆ ಪೆಟ್ರೋಲ್ ತಾನಾಗಿಯೇ ಇಳಿದು ಬರುತ್ತದೆ. ಸ್ವಲ್ಪ ಆವಿ ಬಂದರೂ ಕಾರ್ಬ್ಯುರೇಟರ್‌ನ ಬಟ್ಟಲಿನಿಂದ ಹೊರಗೆ ಹೋಗುತ್ತದೆ. ಇಂಜೆಕ್ಷನ್ ಎಂಜಿನ್‌ಗೆ ಈ ಧಾರಾಳತನ ಇಲ್ಲ. ರೋಟಾಕ್ಸ್ 912 ಐಎಸ್‌ಗೆ ಸುಮಾರು 3 ಬಾರ್ ಒತ್ತಡ ಬೇಕು. ಇದು ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಹೆಚ್ಚು. ಅದಕ್ಕಾಗಿ ಒಂದರ ಹಿಂದೆ ಒಂದರಂತೆ ಎರಡು ವಿದ್ಯುತ್ ಪಂಪ್‌ಗಳಿರುತ್ತವೆ.

ಹೊಸದಾಗಿ ಕಟ್ಟುವವರು ಎಡವುವುದು ಸಾಮಾನ್ಯವಾಗಿ ಈ ಪಂಪ್‌ಗಳ ಜಾಗದಲ್ಲಿ. ಜಾಗ ಸಿಕ್ಕಿತೆಂದು ಎಂಜಿನ್ ಪಕ್ಕದಲ್ಲಿ, ಟ್ಯಾಂಕಿಗಿಂತ ಎತ್ತರದಲ್ಲಿ ಕೂರಿಸಿದರೆ ಪಂಪ್ ಪೆಟ್ರೋಲನ್ನು ಮೇಲಕ್ಕೆ ಎಳೆಯಬೇಕಾಗುತ್ತದೆ. ಎಳೆದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಬಿಸಿ ಪೆಟ್ರೋಲ್ ಅಲ್ಲೇ ಕುದಿಯುತ್ತದೆ. ಆಮೇಲೆ ಪಂಪ್ ತಿರುಗುತ್ತಲೇ ಇರುತ್ತದೆ, ಪೆಟ್ರೋಲ್ ಮಾತ್ರ ಬರುವುದಿಲ್ಲ. ತೋಟದ ಮೋಟರ್‌ಗೆ ಗಾಳಿ ಹಿಡಿದಾಗ ಆಗುವುದೂ ಹೆಚ್ಚು ಕಡಿಮೆ ಇದೇ. ತೋಟದಲ್ಲಾದರೆ ನೀರು ತುಂಬಿಸಿ ಮತ್ತೆ ಸ್ಟಾರ್ಟ್ ಮಾಡಬಹುದು.

ಎತ್ತರ ಇದನ್ನು ಇನ್ನಷ್ಟು ಕೆಡಿಸುತ್ತದೆ. 8,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗ ಮಾತ್ರ. ಚೆನ್ನೈನ ಮಧ್ಯಾಹ್ನದಲ್ಲಿ ಕಾದ ಪೆಟ್ರೋಲ್ ಹೊತ್ತು ವಿಮಾನ ಬೇಗ ಮೇಲೇರಿದರೆ, ಪೆಟ್ರೋಲ್ ತಣ್ಣಗಾಗುವ ಮೊದಲೇ ಸುತ್ತಲ ಒತ್ತಡ ಇಳಿದಿರುತ್ತದೆ. ಹಾಗಾಗಿ ಪಂಪ್‌ಗಳು ಟ್ಯಾಂಕಿನ ಹತ್ತಿರ, ಅದರ ತಳಕ್ಕಿಂತ ಕೆಳಗೆ, ಎಂಜಿನ್ ಬಿಸಿಯಿಂದ ದೂರ ಇರಬೇಕು. ಪಂಪಿನ ಮುಂಚಿನ ಪೈಪ್ ದಪ್ಪಗಿದ್ದು, ಬಾಗು ಕಡಿಮೆ ಇರಬೇಕು. ಅಲ್ಲಿ ಕಸ ತಡೆಯುವ ದೊಡ್ಡ ಕಣ್ಣಿನ ಜಾಲರಿ ಸಾಕು, ಸಣ್ಣ ಕಣ್ಣಿನ ಫಿಲ್ಟರ್ ಪಂಪಿನ ನಂತರ.

ಮಿಕ್ಕ ಪೆಟ್ರೋಲ್ ಎಲ್ಲಿಗೆ ಹೋಗಬೇಕು?

ಪಂಪ್ ಕಳಿಸುವಷ್ಟನ್ನೂ ಎಂಜಿನ್ ಕುಡಿಯುವುದಿಲ್ಲ. ಉದಾಹರಣೆಗೆ ಪಂಪ್ ಗಂಟೆಗೆ 120 ಲೀಟರ್ ಕಳಿಸಿ, ಎಂಜಿನ್ 25 ಲೀಟರ್ ಬಳಸಿತು ಎಂದುಕೊಳ್ಳಿ. ಉಳಿದ 95 ಲೀಟರ್ ರಿಟರ್ನ್ ಪೈಪಿನ ಮೂಲಕ ವಾಪಸ್ ಹೋಗಬೇಕು. ಈ ಸುತ್ತಾಟದಿಂದ ಒಂದು ಲಾಭವಿದೆ: ಎಂಜಿನ್ ಬಳಿಯ ಬಿಸಿ ಪೆಟ್ರೋಲ್ ಅಲ್ಲೇ ನಿಲ್ಲದೆ, ಆವಿಯನ್ನೂ ಜೊತೆಗೆ ಒಯ್ಯುತ್ತದೆ.

ಅಪಾಯವೂ ಅಲ್ಲೇ ಇದೆ. ಎಡ ಟ್ಯಾಂಕಿನಿಂದ ತೆಗೆದು ಬಲ ಟ್ಯಾಂಕಿಗೆ ವಾಪಸ್ ಕಳಿಸಿದರೆ, ಬಲಗಡೆ 10 ಲೀಟರ್ ಜಾಗವಷ್ಟೇ ಖಾಲಿ ಇದ್ದಲ್ಲಿ ಆರೇಳು ನಿಮಿಷದಲ್ಲಿ ಅದು ತುಂಬಿ ಗಾಳಿಕೊಳವೆಯಿಂದ ಪೆಟ್ರೋಲ್ ಆಕಾಶಕ್ಕೆ ಸುರಿಯುತ್ತದೆ. ಅತ್ತ ಎಡ ಟ್ಯಾಂಕ್ ಲೆಕ್ಕಕ್ಕಿಂತ ಬೇಗ ಬರಿದಾಗುತ್ತಿರುತ್ತದೆ. ಆದ್ದರಿಂದ ಟ್ಯಾಂಕ್ ಬದಲಿಸುವ ವಾಲ್ವ್ ಹೋಗುವ ಪೈಪ್, ಬರುವ ಪೈಪ್ ಎರಡನ್ನೂ ಒಟ್ಟಿಗೆ ಬದಲಿಸುವಂಥದ್ದಾಗಿರಬೇಕು. ಕಾರ್ಬ್ಯುರೇಟರ್ ವಿಮಾನದ ಸಾಮಾನ್ಯ ವಾಲ್ವ್ ಇಲ್ಲಿ ಸಾಲದು. ಎರಡೂ ಟ್ಯಾಂಕ್‌ಗಳಿಂದ ಒಂದು ಸಣ್ಣ ಕೂಡು ಟ್ಯಾಂಕಿಗೆ ಇಳಿಸಿ, ರಿಟರ್ನ್ ಅನ್ನೂ ಅದಕ್ಕೇ ಕೊಡುವವರಿದ್ದಾರೆ. ಅದು ಸರಳ, ಆದರೆ ಸಣ್ಣ ಟ್ಯಾಂಕಿನ ಪೆಟ್ರೋಲ್ ಸುತ್ತಿ ಸುತ್ತಿ ಕಾಯುತ್ತದೆ. ಅದರ ಆವಿ ಮೇಲಿನ ಟ್ಯಾಂಕಿಗೆ ಹೋಗಲು ದಾರಿ ಇಡಲೇಬೇಕು. ನಮ್ಮ ಹವೆಯಲ್ಲಿ ದೊಡ್ಡ ಟ್ಯಾಂಕಿಗೆ ವಾಪಸ್ ಕಳಿಸುವುದೇ ಮೇಲು.

ಜಾನ್ ಡೆನ್ವರ್ ಪ್ರಾಣ ಕಳೆದುಕೊಂಡಿದ್ದು ಹೇಗೆ?

ವಾಲ್ವ್ ಯಾವುದು ಎಂಬಷ್ಟೇ ಮುಖ್ಯ, ಅದು ಎಲ್ಲಿದೆ ಎಂಬುದು. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ಸತ್ತಿದ್ದು ಲಾಂಗ್-ಈಝೀ ವಿಮಾನದಲ್ಲಿ. ವಿಮಾನವನ್ನು ಬೇರೊಬ್ಬರು ಕಟ್ಟಿದ್ದರು. ಮೂಲ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇದ್ದ ವಾಲ್ವ್ ಹಿಡಿಯನ್ನು ಅವರು ಎಡ ಭುಜದ ಹಿಂದಕ್ಕೆ ಒಯ್ದಿದ್ದರು. ಪೆಟ್ರೋಲ್ ಪೈಪ್ ಕಾಕ್‌ಪಿಟ್‌ಗೆ ಬರುವುದು ಬೇಡ ಎಂಬ ಸದುದ್ದೇಶ. ಆದರೆ ಹಿಡಿ ತಿರುಗಿಸಲು ಪೈಲಟ್ ಪೂರ್ತಿ ಹಿಂದಕ್ಕೆ ಹೊರಳಬೇಕಿತ್ತು. ಯಾವ ಕಡೆಗೆ ಯಾವ ಟ್ಯಾಂಕ್ ಎಂಬ ಗುರುತೂ ಇರಲಿಲ್ಲ. ಹೊರಳುವಾಗ ಗೊತ್ತಿಲ್ಲದೆ ಬಲ ಕಾಲಿನ ರಡ್ಡರ್ ಒತ್ತಿ ವಿಮಾನ ಹತೋಟಿ ತಪ್ಪಿತು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಹೊರಡುವ ಮುನ್ನ ಪೆಟ್ರೋಲ್ ತುಂಬಿಸದಿದ್ದುದನ್ನೂ, ವಾಲ್ವ್ ಜಾಗ ಬದಲಿಸಿದ್ದನ್ನೂ ಅದು ಕಾರಣಗಳ ಸಾಲಿಗೆ ಸೇರಿಸಿತು.

ಕರೆಂಟ್ ಹೋದರೆ ಎಂಜಿನ್ ಹೋಯಿತು

ಪಂಪ್ ವಿದ್ಯುತ್ತಿನದ್ದಾದ ಮೇಲೆ ವೈರಿಂಗ್ ಕೂಡ ಇಂಧನ ವ್ಯವಸ್ಥೆಯ ಭಾಗವೇ. ಎರಡು ಪಂಪ್ ಇಟ್ಟು ಎರಡಕ್ಕೂ ಒಂದೇ ಫ್ಯೂಸ್ ಕೊಟ್ಟರೆ ಒಂದೇ ಪಂಪ್ ಇದ್ದಂತೆ. ಪ್ರತ್ಯೇಕ ಫ್ಯೂಸ್, ಪ್ರತ್ಯೇಕ ಸ್ವಿಚ್, ಜನರೇಟರ್ ಕೈಕೊಟ್ಟಾಗ ಬ್ಯಾಟರಿಯಿಂದ ಪಂಪ್ ಎಷ್ಟು ನಿಮಿಷ ಓಡುತ್ತದೆ ಎಂಬ ಲೆಕ್ಕ ಬೇಕು.

ಇನ್ನು ಪೆಟ್ರೋಲ್. ಕಾರಿನ ಪೆಟ್ರೋಲ್ ವಿಮಾನದ ಪೆಟ್ರೋಲಿಗಿಂತ ಬೇಗ ಆವಿಯಾಗುತ್ತದೆ. ಬಂಕ್‌ಗಳಲ್ಲಿ ಈಗ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ರೋಟಾಕ್ಸ್ 912 ಸರಣಿಗೆ ಒಪ್ಪಿರುವುದು ಶೇ 10ರವರೆಗೆ ಮಾತ್ರ. ಎಥೆನಾಲ್ ನೀರು ಹೀರುತ್ತದೆ, ಕೆಲವು ರಬ್ಬರ್ ಮತ್ತು ಫೈಬರ್ ಟ್ಯಾಂಕಿನ ರಾಳವನ್ನು ಮೆತ್ತಗಾಗಿಸುತ್ತದೆ. ಟ್ಯಾಂಕಿನ ಗಾಳಿಕೊಳವೆಗೆ ಜಾಲರಿ ಹಾಕುವುದನ್ನೂ ಮರೆಯುವಂತಿಲ್ಲ. ವಾರಗಟ್ಟಲೆ ನಿಂತ ವಿಮಾನದ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದರೆ ಟ್ಯಾಂಕಿಗೆ ಗಾಳಿ ಸಿಗದೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ.

ಹಾರುವ ಮುನ್ನ ಬಕೆಟ್ ಪರೀಕ್ಷೆ

ಕಟ್ಟಿದ ಮೇಲೆ ಮೊದಲ ಪರೀಕ್ಷೆ ನೆಲದಲ್ಲೇ. ಮೂತಿಯನ್ನು ಕಡಿದಾಗಿ ಏರುವ ಕೋನಕ್ಕಿಂತ ಸ್ವಲ್ಪ ಹೆಚ್ಚೇ ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ತಳದಷ್ಟೇ ಪೆಟ್ರೋಲ್ ಬಿಟ್ಟು, ಎಂಜಿನ್ ಬಳಿ ಪೈಪ್ ಬಿಚ್ಚಿ ಅಳತೆಯ ಪಾತ್ರೆಗೆ ಹರಿಸಬೇಕು. ಪಂಪ್ ವ್ಯವಸ್ಥೆಯಲ್ಲಿ ಟೇಕಾಫ್ ಬಳಕೆಯ ಶೇ 125ರಷ್ಟು ಹರಿವು ಬೇಕೆಂಬುದು ಅಮೆರಿಕದ ಹಳೆಯ ನಿಯಮ. ಗಂಟೆಗೆ 25 ಲೀಟರ್ ಕುಡಿಯುವ ಎಂಜಿನ್‌ಗೆ ಅದು ನಿಮಿಷಕ್ಕೆ ಅರ್ಧ ಲೀಟರ್‌ಗಿಂತ ತುಸು ಹೆಚ್ಚು. ಪ್ರತಿ ಪಂಪ್ ಒಂಟಿಯಾಗಿಯೂ ಇದನ್ನು ಕೊಡಬೇಕು. ನಂತರ ಬಿಸಿ ಎಂಜಿನ್ ನಿಲ್ಲಿಸಿ, ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ ನೋಡುವುದು.

ಹಂಸ-ಎನ್‌ಜಿ ಇದಕ್ಕೂ ಮುಂದೆ ಹೋಗಿತ್ತು. 2022ರ ಫೆಬ್ರುವರಿ 19ರಿಂದ ಮಾರ್ಚ್ 5ರವರೆಗೆ ಅದರ ಸಮುದ್ರ ಮಟ್ಟದ ಪರೀಕ್ಷೆಗಳು ಪುದುಚೇರಿಯಲ್ಲಿ ನಡೆದವು. ಮೇ 17ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ವಲಯದ ಮೇಲೆ, 7,000ದಿಂದ 8,000 ಅಡಿ ಎತ್ತರದಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸಲಾಯಿತು. ಗಾಳಿಗೆ ತಿರುಗುವ ಪ್ರೊಪೆಲ್ಲರ್ ಬಲದಿಂದಲೂ, ಸ್ಟಾರ್ಟರ್ ನೆರವಿನಿಂದಲೂ ಎಂಜಿನ್ ಶುರುವಾಯಿತು.