ಮಕ್ಕಳು ಮಲಗುವ ಗಾಡಿ

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಮನೆಗಾಡಿ ಯಾವುದೆಂದರೆ, ಇತಿಹಾಸ ಬರೆಯುವವರು ಸಾಮಾನ್ಯವಾಗಿ ಹೆಸರಿಸುವುದು 1885ರ ‘ವಾಂಡರರ್’ ಅನ್ನು. ಬ್ರಿಟಿಷ್ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ ಅದನ್ನು ಬ್ರಿಸ್ಟಲ್‌ನ ಸಾರೋಟು ಕಾರ್ಖಾನೆಯಲ್ಲಿ ಮಾಡಿಸಿದ. ಎಳೆಯಲು ಎರಡು ಕುದುರೆ. ಸ್ಕಾಟ್ಲೆಂಡಿನತ್ತ ಹೊರಟ ದೀರ್ಘ ಪ್ರವಾಸದಲ್ಲಿ ಅವನ ಜೊತೆಗಿದ್ದದ್ದು ಒಬ್ಬ ಸಾರಥಿ, ಒಬ್ಬ ಆಳು, ಒಂದು ನಾಯಿ, ಒಂದು ಗಿಳಿ. ಹುಡುಗರಿಗಾಗಿ ಸಾಹಸಕಥೆ ಬರೆದು ಹೆಸರಾದವನು ಅವನು. ಗಾಡಿ ಮಾತ್ರ ಒಬ್ಬ ಸಾಹೇಬರ ವಿರಾಮಕ್ಕೆ ಹೊಂದುವಂಥದ್ದು.

ಮೂವರು ಚಿಕ್ಕ ಮಕ್ಕಳ ಅಪ್ಪನಾದ ನಾನು ಟ್ರೈಲರ್ ಕೊಳ್ಳುವ ಮುಂಚೆ ಈ ಇತಿಹಾಸವನ್ನು ಓದಿದ್ದು ಒಂದೇ ಪ್ರಶ್ನೆ ಇಟ್ಟುಕೊಂಡು: ಮಕ್ಕಳು ಎಲ್ಲಿ ಕೂತರು, ಎಲ್ಲಿ ಮಲಗಿದರು?

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಮೊದಲೇ ಇತ್ತು. ನರಗುಂದದ ಕಡೆಯ ನಮ್ಮ ಊರಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಹೊರಟರೆ ಚಕ್ಕಡಿಗೆ ಕೊಲ್ಲಾರಿ ಕಟ್ಟುತ್ತಿದ್ದರು. ತಳಕ್ಕೆ ಹುಲ್ಲು, ಅದರ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿ ಗಂಟು. ಅವ್ವ ಸಣ್ಣವಳಿದ್ದಾಗ ಅಣ್ಣತಮ್ಮಂದಿರ ಜೊತೆ ದಾರಿಯುದ್ದಕ್ಕೂ ಅದರಲ್ಲೇ ಮಲಗಿ ಹೋಗಿದ್ದಾಳೆ. ಗುಡ್ಡದಲ್ಲಿ ಎತ್ತು ಬಿಚ್ಚಿದರೆ ಅದೇ ಮನೆ, ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಮಕ್ಕಳಿಗೆ ಬೇರೆ ಜಾಗ ಬೇಕೆಂಬ ಯೋಚನೆಯೇ ಇಲ್ಲ, ಯಾಕೆಂದರೆ ಯಾರಿಗೂ ಬೇರೆ ಜಾಗ ಇರಲಿಲ್ಲ.

ಅಮೆರಿಕದಲ್ಲೂ ಶುರುವಾದದ್ದು ಗಾಡಿ ಮಾಡುವವರ ಕೈಯಲ್ಲೇ. ಉಳಿದುಬಂದ ಅತಿ ಹಳೆಯ ಟ್ರೈಲರ್‌ಗಳಲ್ಲಿ ಒಂದಾದ 1913ರ ‘ಅರ್ಲ್’ ಅನ್ನು ಲಾಸ್ ಏಂಜಲಿಸ್‌ನಲ್ಲಿ ಮಾಡಿದವನು ಸಾರೋಟು ಕಟ್ಟುವವನು. ಎಳೆದದ್ದು ಫೋರ್ಡ್ ಮಾಡೆಲ್ ಟಿ. ಅದೇ ವರ್ಷ ಘೋಷಣೆಯಾದ ಲಿಂಕನ್ ಹೆದ್ದಾರಿ ನಮ್ಮ ನೆರೆಯ ಡಬ್ಲಿನ್, ಲಿವರ್‌ಮೋರ್ ಮೂಲಕ ಹಾದುಹೋಯಿತು. ನಾವು ದಿನಾ ಬೈದುಕೊಂಡು ಓಡಾಡುವ 580 ಹೆದ್ದಾರಿ ಹೆಚ್ಚುಕಡಿಮೆ ಅದರ ಜಾಡಿನಲ್ಲೇ ಇದೆ. 1915ರಲ್ಲಿ ರೋಲಂಡ್ ಕಾಂಕ್ಲಿನ್ ಎಂಬ ಧನಿಕ 25 ಅಡಿಯ ‘ಜಿಪ್ಸಿ ವ್ಯಾನ್’ ಮಾಡಿಸಿ ಸಂಸಾರ ಸಮೇತ ನ್ಯೂಯಾರ್ಕ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ. ರೈಲಿನಂಥ ಬರ್ತ್‌ಗಳು, ಗ್ರಾಮಫೋನ್, ಮಾಳಿಗೆಯ ಮೇಲೆ ಕೈತೋಟ! ಸಾಮಾನ್ಯರ ಜೇಬಿಗೆ ಎಟುಕುವ ಮಾತಲ್ಲ.

ಎಟುಕುವ ಟ್ರೈಲರ್ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಡೆಟ್ರಾಯಿಟ್‌ನ ಆರ್ಥರ್ ಶರ್ಮನ್ ಬ್ಯಾಕ್ಟೀರಿಯಾ ತಜ್ಞ, ಒಂದು ಔಷಧ ಕಂಪನಿಯ ಮುಖ್ಯಸ್ಥ. 1929ರಲ್ಲಿ ಅವನು ಬಿಚ್ಚಿ ಕಟ್ಟುವ ಡೇರೆಯ ಟ್ರೈಲರ್ ಕೊಂಡು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟ. ಐದೇ ನಿಮಿಷದಲ್ಲಿ ನೀರು ಸೋರದ ಕೋಣೆ ತಯಾರು ಎಂದು ಜಾಹೀರಾತು. ಮೊದಲ ಸಲ ಬಿಚ್ಚುವ ಹೊತ್ತಿಗೇ ಗುಡುಗು ಮಳೆ. ಒಂದು ಗಂಟೆ ಒದ್ದಾಡಿದರೂ ಡೇರೆ ಏಳಲಿಲ್ಲ, ಎಲ್ಲರೂ ತೊಯ್ದು ತೊಪ್ಪೆ. ಮನೆಗೆ ಬಂದು ಬಡಗಿಯನ್ನು ಕರೆಸಿ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಗಟ್ಟಿ ಗೋಡೆಯ ಪೆಟ್ಟಿಗೆಯನ್ನೇ ಚಕ್ರದ ಮೇಲೆ ಮಾಡಿಸಿದ. ‘ಕವರ್ಡ್ ವ್ಯಾಗನ್’ ಎಂದು ಹೆಸರಿಟ್ಟವರು ಅವನ ಮಕ್ಕಳೇ. ಅಂದರೆ ಕೊಲ್ಲಾರಿ ಬಂಡಿ! 1930ರ ಡೆಟ್ರಾಯಿಟ್ ಮೋಟಾರು ಪ್ರದರ್ಶನಕ್ಕೆ ಅದನ್ನು ಒಯ್ದ. 1936ರ ಹೊತ್ತಿಗೆ ಅಮೆರಿಕದಲ್ಲೇ ಅತಿ ಹೆಚ್ಚು ಟ್ರೈಲರ್ ಮಾಡುವವನು ಅವನೇ ಆದ. ಒಂದು ಉದ್ಯಮವೇ ಒದ್ದೆಯಾದ ಮಕ್ಕಳಿಂದ ಬೆಳೆಯಿತು ಎಂದರೆ ತೀರಾ ಉತ್ಪ್ರೇಕ್ಷೆಯಲ್ಲ.

ಅದೇ 1936ರಲ್ಲಿ ವಾಲಿ ಬಯಾಮ್‌ನ ಅಲ್ಯುಮಿನಿಯಂ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಬಂತು. ಬೆಲೆ 1,200 ಡಾಲರ್, ನಾಲ್ವರು ಮಲಗಬಹುದು. ಮಲಗುವವರ ಸಂಖ್ಯೆ ಹೇಳಿ ಮಾರುವ ಚಾಳಿ ಆಗಿನಿಂದ ಈಗಿನವರೆಗೂ ಇದೆ. ಇದರಲ್ಲಿ ಸ್ವಲ್ಪ ಕೈಚಳಕವೂ ಉಂಟು: ಊಟದ ಮೇಜು ಕೆಳಗಿಳಿಸಿದರೆ ಅದೂ ಒಂದು ಹಾಸಿಗೆ ಎಂದು ಲೆಕ್ಕ. ರಾತ್ರಿ ಮೂರು ವರ್ಷದ ಮಗು ಮಲಗಿದ ಮೇಲೆ ದೊಡ್ಡವರು ಎಲ್ಲಿ ಕೂತು ಚಹಾ ಕುಡಿಯಬೇಕೆಂದು ಕೈಪಿಡಿ ಹೇಳುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲೇ ಹತ್ತಿರದ ರಿಚ್ಮಂಡ್ ಹಡಗುಕಟ್ಟೆಗಳಿಗೆ ಜನ ನುಗ್ಗಿಬಂದಾಗ ಎಷ್ಟೋ ಸಂಸಾರಗಳು ಟ್ರೈಲರ್‌ಗಳಲ್ಲೇ ವಾಸ ಹೂಡಿದವು. ಪಾಳಿ ಮುಗಿಸಿ ಬಂದವನು, ಪಾಳಿಗೆ ಹೊರಟವನು ಒಂದೇ ಹಾಸಿಗೆ ಹಂಚಿಕೊಂಡ ಊರು ಅದು. ‘ಆರು ಜನ ಮಲಗಬಹುದು’ ಎಂಬ ಸಾಲು ಓದುವಾಗ ನನಗೆ ಅವರ ನೆನಪಾಗುತ್ತದೆ.

ಆದ್ದರಿಂದ ಮಕ್ಕಳಿರುವವರು ನೋಡಬೇಕಾದದ್ದು ‘ಬಂಕ್‌ಹೌಸ್’ ಎಂಬ ನಕ್ಷೆಯನ್ನು. ಹಿಂಬದಿಯಲ್ಲಿ ಒಂದರ ಮೇಲೊಂದು ಖಾಯಂ ಬರ್ತ್, ಊಟದ ಮೇಜಿಗೆ ಕೈ ಹಚ್ಚುವಂತಿಲ್ಲ. ಮೇಲಿನ ಬರ್ತ್ ಯಾರಿಗೆ ಎಂಬ ಜಗಳವನ್ನು ಹುಬ್ಬಳ್ಳಿ–ಬೆಂಗಳೂರು ರೈಲಿನಲ್ಲಿ ಪಳಗಿದವರು ಸಂಭಾಳಿಸಬಲ್ಲರು.

ಆದರೆ ಹಾಸಿಗೆಗಿಂತ ಮುಂಚೆ ಎಣಿಸಬೇಕಾದದ್ದು ಸೀಟ್ ಬೆಲ್ಟ್. ಚಕ್ಕಡಿಗೂ ಟ್ರೈಲರ್‌ಗೂ ಇರುವ ನಿಜವಾದ ವ್ಯತ್ಯಾಸ ಇದೇ. ಕ್ಯಾಲಿಫೋರ್ನಿಯಾದಲ್ಲಿ ಓಡುತ್ತಿರುವ ಟ್ರಾವೆಲ್ ಟ್ರೈಲರ್‌ನೊಳಗೆ ಯಾರೂ ಕೂರುವಂತಿಲ್ಲ. ಎಲ್ಲರೂ ಎಳೆಯುವ ಕಾರಿನಲ್ಲೇ ಇರಬೇಕು, ಎಂಟು ವರ್ಷದೊಳಗಿನವರು ಹಿಂದಿನ ಸೀಟಿನಲ್ಲಿ ಮಕ್ಕಳ ಕುರ್ಚಿಯಲ್ಲಿ. ಮೂರು ಕುರ್ಚಿ ಒಂದೇ ಸಾಲಿನಲ್ಲಿ ಹಿಡಿಸುವುದು ಕಷ್ಟ, ಹಾಗಾಗಿ ಮೂರು ಸಾಲಿನ ಕಾರು. ಅಲ್ಲಿಂದ ತೂಕದ ಲೆಕ್ಕ.

ಇಲ್ಲಿ ನನ್ನ ಕಸುಬು ಉಪಯೋಗಕ್ಕೆ ಬಂತು. ಕಾರು 5,000 ಪೌಂಡ್ ಎಳೆಯುತ್ತದೆ ಎಂದು ಮಾರುವವರು ಹೇಳುತ್ತಾರೆ, ಸುಳ್ಳಲ್ಲ. ಚಾಲಕನ ಬಾಗಿಲ ಬಳಿ ಇನ್ನೊಂದು ಹಳದಿ ಚೀಟಿ ಇರುತ್ತದೆ: ಜನ, ಸಾಮಾನು ಸೇರಿ ಕಾರು ಹೊರಬಹುದಾದ ತೂಕ. ಅದು 1,300 ಪೌಂಡ್ ಎಂದಿಟ್ಟುಕೊಳ್ಳಿ. ಅವ್ವ ಸೇರಿ ನಾವು ಆರು ಜನ 700. ಸಾಮಾನು 150. ಟ್ರೈಲರ್‌ನ ಕೊಂಡಿ ಕಾರಿನ ಮೇಲೆ ಒತ್ತುವ ಭಾರ, 5,000ಕ್ಕೆ ಶೇಕಡಾ 12ರಂತೆ, 600. ಒಟ್ಟು 1,450. ಎಳೆಯುವ ಶಕ್ತಿ ಇದೆ, ಹೊರುವ ಶಕ್ತಿ ಇಲ್ಲ. ಪುಸ್ತಕದಲ್ಲಿ ಲಾಭವಿದ್ದೂ ಸಂಬಳ ಕೊಡಲು ನಗದಿಲ್ಲದ ಕಂಪನಿಗಳ ಹಾಗೆ. ಇನ್ನು ಕೈಪಿಡಿಯ ‘ಒಣ ತೂಕ’ದಲ್ಲಿ ನೀರು ಸೇರಿರುವುದಿಲ್ಲ. ಒಂದು ಗ್ಯಾಲನ್‌ಗೆ 8.3 ಪೌಂಡ್, 40 ಗ್ಯಾಲನ್ ತುಂಬಿದರೆ 332.

ಕೊಂಡಿಯ ಭಾರ ಕಡಿಮೆ ಮಾಡಿದರಾಯಿತಲ್ಲ ಎನ್ನುವವರೂ ಇದ್ದಾರೆ. ಅದು ಟ್ರೈಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15ರೊಳಗೆ ಇರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲದಂತೆ ಆಚೀಚೆ ಹೊಡೆಯುತ್ತದೆ. ಇದನ್ನು ನಾನು ಕಾಗದದ ಮೇಲೆ ಗೀಚಿ ವಿವರಿಸುತ್ತಿದ್ದಾಗ ಅವ್ವ, ‘ಹಿಂದ ಭಾರ ಆದ್ರ ನೊಗ ಮ್ಯಾಲ ಏಳ್ತೈತಿ, ಎತ್ತಿನ ಕೊಳ್ಳ ಬಿಗೀತೈತಿ. ಮುಂದ ಆದ್ರ ಕೊಳ್ಳ ಕುಸೀತೈತಿ. ಇದಕ್ಯಾಕ ಇಷ್ಟು ಬರೀಬೇಕು?’ ಅಂದಳು. ಚೀಲಗಳನ್ನು ಹಿಂದೆ ಮುಂದೆ ಸರಿಸಿ ನೊಗವನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದ ಅಜ್ಜನಿಗೆ ಶೇಕಡಾವಾರು ಬೇಕಿರಲಿಲ್ಲ.

ಕೊನೆಗೆ ನಾವು ಆರಿಸಿದ್ದು ನೀರು ಸಾಮಾನು ತುಂಬಿಯೂ 3,500 ಪೌಂಡ್ ದಾಟದ, ಮುಂದಿನ ಕೊಂಡಿ ಸೇರಿ 21 ಅಡಿಯ, ಬಳಸಿದ ಬಂಕ್‌ಹೌಸ್. ಕೊಂಡಿಯ ಭಾರ 420, ಒಟ್ಟು 1,270. ಉದ್ದವನ್ನು ಟೇಪು ಹಿಡಿದು ಅಳೆದೆ, ಯಾಕೆಂದರೆ ಮಾಡೆಲ್ ಹೆಸರಿನ ಅಂಕಿ ಎಷ್ಟೋ ಸಲ ಕೊಂಡಿಯನ್ನು ಬಿಟ್ಟಿರುತ್ತದೆ, ಮತ್ತು ಯೊಸೆಮಿಟಿಯ ಅಪ್ಪರ್ ಪೈನ್ಸ್‌ನಲ್ಲಿ 24 ಅಡಿ ಮೀರಿದ ಟ್ರೈಲರ್‌ಗೆ ಜಾಗವಿಲ್ಲ. ಮಂಡಿನೋವಿನ ಅವ್ವನಿಗೆ ಕೆಳಗಿನ ಬರ್ತ್, ದೊಡ್ಡವಳಿಗೆ ಮೇಲಿನದು. ಚಿಕ್ಕವರಿಬ್ಬರಿಗೆ ಊಟದ ಮೇಜನ್ನೇ ಇಳಿಸಬೇಕು. ನಾವಿಬ್ಬರೂ ಚಹಾ ಲೋಟ ಹಿಡಿದು ಹೊರಗೆ ಮಡಚುವ ಕುರ್ಚಿಯಲ್ಲಿ ಕೂರುತ್ತೇವೆ.